ರೊಳ್ಳದ ರೇಡಿಯೋ ಕೂಗ್ತೈತೆ

9 ಆಗಸ್ಟ್ 1999, ಸೋಮವಾರ. ರಾಯದುರ್ಗ

ಬೆಳಿಗ್ಗೆಯಿಂದ ಮೂರು ಸೆಟ್ಟು. ಮೂರಕ್ಕೂ ಒಂದೇ ರೋಗ — ಸದ್ದಿಲ್ಲ. ಊರಿನ ರೇಡಿಯೋಗಳಿಗೆಲ್ಲ ಒಟ್ಟಿಗೇ ಶಕ್ತಿ ಹೋದಂತಿದೆ. ಈಗ ಬರುವ ಪಾರ್ಟುಗಳೇ ಹಾಗೆ, ಅರ್ಧ ಡೂಪ್ಲಿಕೇಟ್. ಅದರ ಮೇಲೆ ಎಡಕ್ಕೊಂದು ಜೀನ್ಸ್ ಹೊಲಿಯುವ ಯೂನಿಟ್, ಬಲಕ್ಕೊಂದು. ಎಂಬತ್ತು ಮಷೀನು ಗರ್ರ್ ಅನ್ನುವಾಗ ನಡುವೆ ಕೂತು ರೇಡಿಯೋ ರಿಪೇರಿ. ಈ ಗರ್ರ್ ಶುರುವಾಗಿ ಒಂಬತ್ತು ವರ್ಷ. ಸಾಕಾಗಿದೆ.

ಮಧ್ಯಾಹ್ನ ಮೂಡಲಗಿರಿಯಪ್ಪ ಬಂದ. ನಮ್ಮ ಹುಟ್ಟೂರು ರೊಳ್ಳದವನು. ಆಗಾಗ ಬಂದು ಇಲ್ಲಿನ ಜೀನ್ಸ್ ಒಯ್ದು ಮಡಕಶಿರಾ ಸಂತೆಯಲ್ಲಿ ಮಾರುತ್ತಾನೆ. ನನ್ನ ತಂಗಿ ಓಬಳಮ್ಮನ ಮನೆಯ ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಬಸ್ಸು ಬದಲಾಯಿಸಿ ತಂದಿದ್ದಾನೆ. ಸದ್ದು ಸಣ್ಣಗಾಗಿದೆಯಂತೆ. ಬೇಗ ಬೇಕಂತೆ.

ಬೇಗ ಬೇಕು, ಗೊತ್ತು. ಅವಳ ಗಂಡ ಲಕ್ಷ್ಮೀನರಸಪ್ಪ, ನಮ್ಮ ಭಾವ. ಲಕ್ವ ಹೊಡೆದು ಎರಡು ವರ್ಷ. ಬಲಗಡೆ ಸತ್ತಿದೆ. ಮಾತು ಇಲ್ಲ. ಮಂಚ, ರೇಡಿಯೋ, ಇಷ್ಟೇ ಅವರ ದಿನ.

ಸೆಟ್ಟು ನಾನೇ ಕಟ್ಟಿದ್ದು. ಬಳ್ಳಾರಿಯಲ್ಲಿ ಸಣ್ಣಬಸಪ್ಪನ ಅಂಗಡಿಯಲ್ಲಿ ಕೆಲಸ ಕಲಿತು, ಪೂರ್ತಿ ಒಬ್ಬನೇ ಕಟ್ಟಿದ ಮೊದಲನೆಯ ಟ್ರಾನ್ಸಿಸ್ಟರ್ ಸೆಟ್ಟು. 1968. ತೇಗದ ಪೆಟ್ಟಿಗೆ. ಓಬಳಮ್ಮನ ಮದುವೆಗೆ ಕೊಟ್ಟೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಊರು ಬಿಟ್ಟವನು ಇಷ್ಟು ಮಾಡಿದ ಅಂತ ಚಪ್ಪರದಲ್ಲಿ ಎಲ್ಲರೂ ಸುತ್ತ ನಿಂತರು. ಭಾವ ಮಾತ್ರ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿ ಕೇಳಿದ್ದರು: "ಭಾಮೈದ, ಇದ್ರೊಳಗೆ ಇಷ್ಟು ಜನ ಕೂರ್ಸಿದ್ದೀಯ, ಇವ್ರಿಗೆಲ್ಲ ಹಿಟ್ಟು ಹಾಕೋರು ಯಾರು?"

ಹಿಟ್ಟು ಅಂದರೆ ನಮ್ಮ ಕಡೆ ಮುದ್ದೆ. ಆಮೇಲೂ ಹೋದಾಗಲೆಲ್ಲ ಅದೇ ಪ್ರಶ್ನೆ. ಎರಡು ವರ್ಷದಿಂದ ಇಲ್ಲ.

11 ಆಗಸ್ಟ್, ಬುಧವಾರ

ತಂಗಿಯ ಸೆಟ್ಟು ಬಿಚ್ಚಿದೆ.

ಕೊನೆಯಿಂದ ಮೊದಲಿಗೆ. ಸಣ್ಣಬಸಪ್ಪ ಬೇರೆ ರೀತಿ ಬಿಡುತ್ತಿರಲಿಲ್ಲ. ಏರಿಯಲ್ ಕಡೆಯಿಂದ ಶುರು ಮಾಡಿದರೆ ಸ್ಟೂಲಿನಿಂದ ಎಬ್ಬಿಸಿ ಕಳಿಸುತ್ತಿದ್ದ. ಮೊದಲು ಸ್ಪೀಕರ್ — ಒಂದು ಸೆಲ್ಲು ತಾಗಿಸಿದರೆ ಟಕ್ ಅನ್ನಬೇಕು. ಅಂದಿತು. ಆಮೇಲೆ ಇಂಜೆಕ್ಟರ್ ತೆಗೆದುಕೊಂಡೆ. ಪೆನ್ನಿನ ಕೊಳವೆಯಲ್ಲಿ ನಾನೇ ಕಟ್ಟಿದ್ದು. ಮೊನೆ ತಾಗಿಸಿದ ಜಾಗದಲ್ಲಿ ತಾನೇ ಪೀಂ ಅಂತ ಸದ್ದು ಕೊಡುತ್ತದೆ. ಔಟ್‌ಪುಟ್ ಜೋಡಿಗೆ ತಾಗಿಸಿದೆ, ಸಣ್ಣ ಪೀಂ. ಅದರ ಹಿಂದಿನ ಡ್ರೈವರಿಗೆ, ದೊಡ್ಡ ಪೀಂ. ಹೀಗೆ ಒಂದೊಂದು ಸ್ಟೇಜು ಹಿಂದಕ್ಕೆ ಹೋದಂತೆ ಸದ್ದು ಏರಬೇಕು. ಪ್ರತಿ ಸ್ಟೇಜು ತನ್ನ ಪಾಲು ಸೇರಿಸಿ ಮುಂದಕ್ಕೆ ಕೊಡುತ್ತದೆ. ಎಲ್ಲಿ ಏರಲಿಲ್ಲವೋ ಅಲ್ಲಿ ಕೆಟ್ಟಿದೆ. ವಾಲ್ಯೂಮ್ ಕಂಟ್ರೋಲಿನ ನಡುಗಾಲಿಗೆ ಬಂದಾಗ ಏರಲಿಲ್ಲ. ನಡುವಿನ ಕಂಡೆನ್ಸರ್ ಒಣಗಿತ್ತು. ಬದಲಿಸಿದೆ. ಬೆಂಗಳೂರು ಸ್ಟೇಷನ್ ಬಂತು.

ಬಂತು, ಆದರೆ ನನಗೆ ತೃಪ್ತಿ ಆಗಲಿಲ್ಲ. ಸಣ್ಣಗಿದೆ. ಮಾತು ಬಟ್ಟೆ ಸುತ್ತಿದಂತೆ. ಮಂಚದಲ್ಲಿ ಮಲಗಿದವರಿಗೆ ಇಷ್ಟು ಸಾಲದು. ಅದಕ್ಕೆ ಐ.ಎಫ್. ಸ್ಟೇಜಿಗೆ ಕೈ ಹಾಕಿದೆ. ಯಾವ ಸ್ಟೇಷನ್ ಹಿಡಿದರೂ ಅದನ್ನು ಬಲಪಡಿಸುವ ಸ್ಟೇಜು ಅದೇ. ಎರಡು ಟ್ರಾನ್ಸಿಸ್ಟರ್ ತೆಗೆದು ಅದೇ ಜಾತಿಯ ಹೆಚ್ಚು ಬಲದವು ಕೂರಿಸಿದೆ. ಹಳದಿ ತಲೆ, ಬಿಳಿ ತಲೆ, ಕಪ್ಪು ತಲೆ — ಆ ಸ್ಟೇಜಿನ ಮೂರು ಕಾಯಿಲ್ ಡಬ್ಬಿಗಳ ತಿರುಪನ್ನೂ ಸದ್ದು ಅತಿ ಹೆಚ್ಚು ಬರುವಲ್ಲಿಗೆ ತಿರುಗಿಸಿ ನಿಲ್ಲಿಸಿದೆ. ಈಗ ಸದ್ದು ಅಂಗಡಿ ತುಂಬಿತು.

ಹೊಸ್ತಿಲಲ್ಲಿ ತಿಪ್ಪಕ್ಕ ಜೀನ್ಸ್ ಗುಡ್ಡೆ ಹಾಕಿಕೊಂಡು ದಾರ ಕತ್ತರಿಸುತ್ತಿದ್ದಳು. ಯೂನಿಟ್‌ನಿಂದ ಮನೆಗೆ ತರುವ ಕೆಲಸ. ನನ್ನನ್ನು ಕಟ್ಟಿಕೊಂಡು ಮೂವತ್ತಾರು ವರ್ಷ. ರೇಡಿಯೋ ಬಗ್ಗೆ ಒಂದಕ್ಷರ ಗೊತ್ತಿಲ್ಲ.

"ಸುಂಯ್ ಅಂತ ಏನೋ ಅಂತದಲ್ರಿ ಅದು."

"ನಿನ್ನ ಕೈಗೆ ಕತ್ತರಿ ಕೊಟ್ಟಾರ. ಕತ್ತರ್ಸು."

ತೆಗೆದ ಟ್ರಾನ್ಸಿಸ್ಟರ್ ಎರಡನ್ನೂ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ದಾರದಿಂದ ಕಟ್ಟಿದೆ. ತೆಗೆದದ್ದು ಗಿರಾಕಿಗೆ ವಾಪಸು — ಸಣ್ಣಬಸಪ್ಪನ ನಿಯಮ. ತಂಗಿಯಾದರೂ ಅಷ್ಟೇ.

17 ಆಗಸ್ಟ್, ಮಂಗಳವಾರ

ಎಡಗಡೆ ಯೂನಿಟ್ಟಿನ ಬೊಮ್ಮಯ್ಯ ಬಂದ. ಹೋದ ತಿಂಗಳು ಅವನ ರೇಡಿಯೋ ಮಾಡಿಕೊಟ್ಟಿದ್ದೆ. ಟೇಲರುಗಳು ಕೇಳುವುದು. ಕಂಕುಳಲ್ಲಿ ಅದೇ ಸೆಟ್ಟು.

"ಕಾಟಪ್ಪಣ್ಣ, ಇದು ಸಿಳ್ಳಿ ಹೊಡೀತದ. ಹೆಣ್ಮಕ್ಕಳು ಹೊಲಿಯೋ ಸಾಲಿನ್ಯಾಗ ಸಿಳ್ಳಿ. ಎಲ್ಲಾರೂ ನನ್ನ ಮುಖ ನೋಡ್ತಾರ. ಈ ವಯಸ್ಸಿನ್ಯಾಗ ನನ್ನ ಮರ್ಯಾದಿ ಕಳೀಬ್ಯಾಡ."

ಹಚ್ಚಿ ನೋಡಿದೆ. ಧಾರವಾಡ, ಬೆಂಗಳೂರು, ಕಡಪ. ಮೂರೂ ಸರಿ. ಸ್ಟೇಷನ್ ಹಿಡಿಯುವಾಗ ಒಂದು ಕ್ಷಣ ಗುಂಯ್ ಅಂದದ್ದು ನಿಜ. ಯಾವ ಸೆಟ್ಟು ಅನ್ನುವುದಿಲ್ಲ?

"ನಿನ್ನ ಮಷೀನಿನ ಮೋಟರ್ ಬೊಮ್ಮಯ್ಯ. ಅವನ್ನ ಬಂದ್ ಮಾಡು, ಸಿಳ್ಳಿ ತಾನ ಹೋಗ್ತದ."

"ಕರೆಂಟ್ ಹೋದಾಗೂ ಹೊಡೀತದಣ್ಣ."

"ಹಂಗಾದ್ರ ನಿನ್ನ ಕಿವ್ಯಾಗ ಮೋಟರ್ ಉಳಕೊಂಡಾವ. ಅದಕ್ಕ ನಾನೇನು ಮಾಡ್ಲಿ?"

ನಕ್ಕ. ಸೆಟ್ಟು ತೆಗೆದುಕೊಂಡು ಹೋದ. ಹೋಗುವಾಗ ಹೊಸ್ತಿಲಲ್ಲಿ ತಿಪ್ಪಕ್ಕನಿಗೆ ಏನೋ ಅಂದ, ಅವಳು ಏನೋ ಅಂದಳು. ಕೇಳಿಸಲಿಲ್ಲ. ಮಷೀನು.

ಊಟಕ್ಕೆ ಕೂತಾಗ ಅವಳು ಹೇಳಿದಳು, "ಮಷೀನು ಗರ್ರ್ ಅಂತಾವ. ಸೆಟ್ಟು ಸುಂಯ್ ಅಂತದ. ಎರಡೂ ಬ್ಯಾರೆ." ಬಳ್ಳಾರಿಗೆ ಹೋಗಿ ಒಮ್ಮೆ ಕಿವಿ ತೋರಿಸಿ ಬರೋಣ ಅಂತಲೂ ಸೇರಿಸಿದಳು. ತಟ್ಟೆ ಬಿಟ್ಟು ಎದ್ದೆ. ಆಮೇಲೆ ಹಸಿವಾಯಿತು. ಊಟ ಕೇಳಲಿಲ್ಲ.

29 ಆಗಸ್ಟ್, ಭಾನುವಾರ

ಮೂಡಲಗಿರಿಯಪ್ಪ ಬಂದಿದ್ದ. ತಂಗಿಯ ಸೆಟ್ಟು ಹೋದ ವಾರವೇ ಮುಟ್ಟಿಸಿದ್ದಾನೆ. ಜೀನ್ಸ್ ಗಂಟು ಹೊತ್ತುಕೊಂಡು ಅವಸರದಲ್ಲಿದ್ದ, ಬೀದಿಯಿಂದಲೇ ಕೂಗಿ ಹೇಳಿದ:

"ರೇಡಿಯೋ ಭಾಳ ಕೂಗ್ತೈತೆ ಅಂತ ಹೇಳು ಅಂದ್ಲಪ್ಪೋ ಓಬಳಕ್ಕ."

ಮನಸ್ಸಿಗೆ ಹಿತವಾಯಿತು. ನಮ್ಮ ಕಡೆ ಮಾತೇ ಹಾಗೆ. ಕೋಳಿಯೂ ಕೂಗ್ತೈತೆ, ಮದುವೆ ಮನೆ ಮೈಕೂ ಕೂಗ್ತೈತೆ, ರೇಡಿಯೋನೂ ಕೂಗ್ತೈತೆ. ಆ ಮಾತು ಕೇಳಿ ಎಷ್ಟು ಕಾಲವಾಯಿತು. ಇಲ್ಲಿ ಯಾರೂ ಹಾಗೆ ಅನ್ನುವುದಿಲ್ಲ.

ತಿಪ್ಪಕ್ಕನಿಗೆ ಹೇಳಿದೆ — ಕೇಳಿದೆಯಾ, ಮೂವತ್ತೊಂದು ವರ್ಷದ ಸೆಟ್ಟು, ಭಾಳ ಕೂಗ್ತೈತಂತೆ.

"ಕೂಗತದ ಅಂದ್ರ ಚಲೋ ಅಂತ ಏನ್ರಿ?"

ನಮ್ಮ ಕಡೆ ಮಾತು ಇವಳಿಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ.

8 ಸೆಪ್ಟೆಂಬರ್, ಬುಧವಾರ

ಸೆಟ್ಟು ವಾಪಸು ಬಂತು.

ಮೂಡಲಗಿರಿಯಪ್ಪ ಬೆಂಚಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತ. ಓಬಳಮ್ಮನ ಮಾತನ್ನು ಹಾಗೆಯೇ ಒಪ್ಪಿಸುತ್ತೇನೆ, ನನ್ನ ಮೇಲೆ ರೇಗಬೇಡ ಅಂದ. "ಕೂಗ್ತೈತೆ ಅಂತ ಹೇಳಿ ಕಳ್ಸಿ ಹತ್ತು ದಿನ ಆಯ್ತು. ಕೇಳ್ಲಿಲ್ವಾ, ಇಲ್ಲ ಕೇಳಿಯೂ ಸುಮ್ನಿದ್ದೀಯಾ? ಮೊದ್ಲು ಸಣ್ಣಗಾದ್ರೂ ಮಾತಾಡ್ತಿತ್ತು. ಈಗ ಪ್ರಾಣ ಹೋಗೋ ಹಂಗೆ ಕೂಗ್ತೈತೆ. ನಿನ್ ರಿಪೇರಿ ನೀನೇ ಇಟ್ಕ."

ಅಂದರೆ ಸಿಳ್ಳೆ. ಅವಳ ಕೂಗು ಸಿಳ್ಳೆ.

ಹಚ್ಚಿದೆ. ಅರ್ಧ ಗಂಟೆ ಕೇಳಿದೆ. ಏನೂ ಇಲ್ಲ. ಮತ್ತೆ ಸ್ಪೀಕರಿನಿಂದ ಹಿಡಿದು ಒಂದೊಂದೇ ಸ್ಟೇಜು ಹಿಂದಕ್ಕೆ ಹೋದೆ. ಇಂಜೆಕ್ಟರ್ ಎಲ್ಲಾ ಕಡೆ ಪೀಂ ಅಂದಿತು, ಏರಬೇಕಾದಂತೆ ಏರಿತು. ಸೆಟ್ಟು ಸರಿ ಇದೆ. ನಾನು ಕಟ್ಟಿದ ಸೆಟ್ಟು ನನಗೆ ಗೊತ್ತಿಲ್ಲವೆ?

ಎಸ್.ಟಿ.ಡಿ. ಬೂತಿಗೆ ಹೋಗಿ ರೊಳ್ಳದ ಕಿರಾಣಿ ಅಂಗಡಿಗೆ ಫೋನ್ ಹಚ್ಚಿದೆ. ಅವಳನ್ನು ಕರೆಸಿದರು. ಲೈನು ಸರಿಯಿರಲಿಲ್ಲ, ಅವಳ ಮಾತು ಅರ್ಧ ಅರ್ಧ. ಜೋರಾಗಿಯೇ ಹೇಳಬೇಕಾಯಿತು.

"ಸೆಟ್ಟು ಸರಿ ಐತೆ ಕಣೇ ಓಬಳಿ. ನಿನ್ ಕಿವಿ ಕೆಟ್ಟೈತೆ."

"ನನ್ ಕಿವಿ ಬುಡು. ಅವ್ರಿಗೆ ಆಗ್ತಿಲ್ಲ ಕಣಣ್ಣ. ಹಾಕಿದ್ರೆ ಸಾಕು ಒದ್ದಾಡ್ತಾರೆ."

"ಅವ್ರು ಹೇಳಿದ್ರಾ ನಿಂಗೆ? ಬಾಯಿ ಬಂತಾ ಅವ್ರಿಗೆ?"

ಆ ಕಡೆ ಸದ್ದಿಲ್ಲ. ಲೈನು ಹೋಯಿತು ಅಂದುಕೊಂಡು ಹಲೋ ಹಲೋ ಅಂದೆ. ಬೂತಿನವನು ನನ್ನನ್ನೇ ನೋಡುತ್ತಿದ್ದ. "ಇಟ್ಟುಬಿಟ್ರು ಅಜ್ಜಾರ," ಅಂದ.

10 ಸೆಪ್ಟೆಂಬರ್, ಶುಕ್ರವಾರ

ಬಾಯಿ ಬಂತಾ ಅಂತ ಕೇಳಬಾರದಿತ್ತು.

ಎರಡು ಸೆಟ್ಟು ಮಾಡಿದೆ. ಎರಡೂ ವಾಪಸು ಬರುತ್ತವೆ ಅಂತ ಕಾಣುತ್ತದೆ.

3 ಅಕ್ಟೋಬರ್, ಭಾನುವಾರ

ಇಷ್ಟು ದಿನ ಬರೆಯಲು ಏನೂ ಇರಲಿಲ್ಲ. ಗಿರಾಕಿ ಕಡಿಮೆ. ಟೇಪ್ ರೆಕಾರ್ಡರ್ ರಿಪೇರಿ ಮಾಡುವ ಹೊಸ ಅಂಗಡಿ ಬಸ್ ಸ್ಟ್ಯಾಂಡ್ ಹತ್ತಿರ ಬಂದಿದೆ, ರೇಡಿಯೋಗಳೂ ಅಲ್ಲಿಗೇ ಹೋಗುತ್ತಿವೆ ಅಂತ ತಿಪ್ಪಕ್ಕ ಹೇಳಿದಳು. ಹೋಗಲಿ.

ತಂಗಿಯ ಸೆಟ್ಟು ಮೇಲಿನ ಹಲಗೆಯಲ್ಲೇ ಇದೆ. ಇಪ್ಪತ್ತೈದು ದಿನ. ಬಟ್ಟೆ ಹೊದಿಸಿದ್ದೇನೆ. ಆದರೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಇವತ್ತು ಮೂಡಲಗಿರಿಯಪ್ಪ ಬಂದ. ಕೇಳಬಾರದು ಅಂದುಕೊಂಡೇ ಕೇಳಿದೆ, ಭಾವ ಹೇಗಿದ್ದಾರೆ ಅಂತ.

"ಗೋಡೆ ಕಡೀಕೆ ತಿರುಗ್ಬುಟ್ಟವ್ರೆ. ಹಿಟ್ಟು ತಿನ್ಸಾಕೆ ಹೋದ್ರೆ ಹಲ್ಲು ಕಚ್ತಾರಂತೆ. ರೇಡಿಯೋ ಇದ್ದಾಗ ಅದ್ರ ಮಾತು ಕೇಳ್ತಾ ನಾಕು ತುತ್ತು ಹೋಗ್ತಿತ್ತು ಅಂತಾಳೆ ಓಬಳಕ್ಕ."

ಬೇರೆ ರೇಡಿಯೋ ತಗೊಳ್ಳಿ ಅಂದೆ. ತಂದಿದ್ದರಂತೆ, ಪಕ್ಕದ ಮನೆಯದು, ಪ್ಲಾಸ್ಟಿಕ್ಕಿನದು. ಭಾವ ಎಡಗೈಯಲ್ಲಿ ತಳ್ಳಿ ಕೆಡವಿದರಂತೆ.

ಅವನು ಹೋದ ಮೇಲೆ ತಿಪ್ಪಕ್ಕ ಕತ್ತರಿ ಕೆಳಗಿಟ್ಟಳು. ನನ್ನ ಎದುರಿಗೇ ಬಂದು ನಿಂತು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಒಂದು ಕೇಳ್ತೀನಿ. ಇಲ್ಲಿ ಸಿಳ್ಳಿ ಬಂದ್ರ ಮಷೀನು ಅಂದ್ರಿ. ರೊಳ್ಳದಾಗ ಮಷೀನು ಎಲ್ಲಿ ಅದಾವ್ರಿ?"

ಮೇಲಿನ ಹಲಗೆಯಿಂದ ತಂಗಿಯ ಸೆಟ್ಟು ಇಳಿಸಿದೆ.

ನಾಳೆ ಹೋಗುತ್ತೇನೆ. ಮಷೀನಿಲ್ಲದ ಜಾಗದಲ್ಲಿ ಅವರ ಎದುರಿಗೇ ಹಚ್ಚಿ ತೋರಿಸುತ್ತೇನೆ, ಸಿಳ್ಳೆ ಇಲ್ಲ ಅಂತ. ಒಂದೇ ಸಲ ತೀರಿಹೋಗಲಿ.

5 ಅಕ್ಟೋಬರ್, ಮಂಗಳವಾರ. ರೊಳ್ಳ

ನಿನ್ನೆ ಬಂದೆ. ಕಲ್ಯಾಣದುರ್ಗ, ಪಾವಗಡ, ಮಡಕಶಿರಾ, ಮೂರು ಬಸ್ಸು. ಅಲ್ಲಿಂದ ಆಟೋ. ಎದುರಿನಿಂದ ಬರುವ ಆಟೋಗಳ ತುಂಬ ಬ್ಯಾಗು ಹಿಡಿದ ಹೆಣ್ಣುಮಕ್ಕಳು, ಬೆಂಗಳೂರಿನ ಗಾರ್ಮೆಂಟ್ಸಿಗೆ. ಓಬಳಮ್ಮನ ಬೀದಿಯಲ್ಲಿ ಐದು ಮನೆಗೆ ಬೀಗ. ಒಂದು ನಾಯಿ, ಅದೂ ಬೊಗಳಲಿಲ್ಲ. ಇಷ್ಟು ಸದ್ದಿಲ್ಲದ ಜಾಗದಲ್ಲಿ ನಿಂತು ಎಷ್ಟೋ ವರ್ಷವಾಗಿತ್ತು. ಒಳ್ಳೆಯದಾಯಿತು ಅಂದುಕೊಂಡೆ. ಇಲ್ಲಿ ಯಾರ ಸುಳ್ಳೂ ನಡೆಯುವುದಿಲ್ಲ.

ಅವಳು ಬಾಗಿಲಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಎದ್ದು ನಿಲ್ಲಲಿಲ್ಲ.

"ಬಾಯಿ ಬಂತಾ ಅಂತ ನೋಡಾಕೆ ಬಂದ್ಯಾ?"

"ರೇಡಿಯೋ ತಂದೀನಿ."

"ಚಪ್ಪಲಿ ಆಚೆ ಬುಡು. ಒಳಗೆ ಹುಳ ಐತೆ."

ಒಳಗೆ ಅರ್ಧ ಮನೆ ರೇಷ್ಮೆ ಹುಳದ ತಟ್ಟೆಗಳು, ಇನ್ನರ್ಧ ಭಾವನ ಮಂಚ. ಗೋಡೆಗೆ ಮುಖ. ನಾಲ್ಕನೇ ಜ್ವರ — ಪೊರೆ ಬಿಡುವ ನಿದ್ದೆ — ಮುಗಿಸಿ ಎದ್ದ ಹುಳು, ಬೆರಳುದ್ದ. ಆಗ ತಾನೇ ಸೊಪ್ಪು ಹಾಕಿದ್ದಳು. ಚಿಕ್ಕಂದಿನಲ್ಲಿ ನಾವಿಬ್ಬರೂ ಇದರ ಮಧ್ಯೆಯೇ ಮಲಗುತ್ತಿದ್ದೆವು. ಈ ಹೊತ್ತಿನ ಹುಳು ಮೇಯುವ ಸದ್ದು ಹೇಗಿರುತ್ತದೆ ಅಂತ ನನಗೆ ಗೊತ್ತು. ಸೂರಿನ ಮೇಲೆ ಮಳೆ ಬಿದ್ದ ಹಾಗೆ. ನಿಂತು ಕೇಳಿದೆ. ಏನೂ ಇಲ್ಲ.

"ನಿನ್ ಹುಳಕ್ಕೆ ರೋಗ ಐತೆ ಓಬಳಿ. ಮೇಯ್ತಿಲ್ಲ. ಸದ್ದೇ ಇಲ್ಲ."

ಅವಳು ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. "ಸದ್ದಿಲ್ವಾ? ಮಾತಾಡಿದ್ರೆ ಮಾತು ಕೇಳ್ಸಾಕಿಲ್ಲ, ಹಂಗೆ ಮೇಯ್ತಾವೆ."

ಬಗ್ಗಿ ತಟ್ಟೆಗೆ ಕಿವಿ ಕೊಟ್ಟೆ. ಕಣ್ಣೆದುರಿಗೇ ತಲೆಗಳು ಆಡುತ್ತಿವೆ, ಎಲೆಯ ಅಂಚು ಹೋಗುತ್ತಿದೆ. ಸಾವಿರ ಹುಳ. ಸದ್ದಿಲ್ಲ.

ಎದ್ದೆ. ಬಸ್ಸಿನ ಧೂಳು ಕಿವಿಗೆ ಹೋಗಿದೆ ಅಂದೆ.

ಸೆಟ್ಟು ಬಿಚ್ಚಿ ಮಂಚದ ಪಕ್ಕ ಇಟ್ಟೆ. "ಭಾವ," ಅಂದೆ. ತಿರುಗಲಿಲ್ಲ. ಓಬಳಮ್ಮ ಹಿಡಿದು ತಿರುಗಿಸಿದಳು. ತೇಗದ ಪೆಟ್ಟಿಗೆ ಕಂಡಿತು, ಕಣ್ಣು ಅಗಲವಾಯಿತು. ಹಚ್ಚಿದೆ. ಬೆಂಗಳೂರು. ಕಡಲೆಕಾಯಿ ಬೆಳೆಗೆ ಹುಳ ಬಿದ್ದರೆ ಏನು ಮಾಡಬೇಕು ಅಂತ ಯಾರೋ ಹೇಳುತ್ತಿದ್ದರು. ನನಗೆ ಒಂದೊಂದು ಮಾತೂ ಸರಿಯಾಗಿ ಬರುತ್ತಿತ್ತು. ನೋಡು ಅಂತ ತಂಗಿಯ ಕಡೆ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದಳು.

ಭಾವನ ಎಡಗೈ ಕಂಬಳಿಯಿಂದ ನಿಧಾನವಾಗಿ ಎದ್ದಿತು. ಎಡಕಿವಿಯ ಮೇಲೆ ಕೂತಿತು. ಬಲಕಿವಿಯನ್ನು ದಿಂಬಿಗೆ ಒತ್ತಿದರು.

ಸ್ಟೇಷನ್ ತಪ್ಪಿಸಿದೆ. ಕೈ ಇಳಿಯಿತು. ಮತ್ತೆ ಹಿಡಿದೆ. ಕೈ ಎದ್ದಿತು. ಮೂರು ಸಲ ಮಾಡಿದೆ. ಮೂರು ಸಲವೂ.

ಈ ಮನುಷ್ಯನಿಗೆ ಮಾತಿಲ್ಲ. ಹೆಂಡತಿಯ ಪರ ಮಾತಾಡಲು ಬರುವುದಿಲ್ಲ, ನನ್ನ ಮೇಲೆ ಹಟ ಸಾಧಿಸಲೂ ಬರುವುದಿಲ್ಲ. ನಾಲ್ಕನೇ ಸಲ ತಿರುಗಿಸಲು ನನ್ನ ಕೈ ಬರಲಿಲ್ಲ.

"ಓಬಳಿ. ನಿಂಗೆ ಏನು ಕೇಳ್ತೈತೆ? ಬಿಡಿಸಿ ಹೇಳು."

"ಕಿವಿಗೆ ಸೂಜಿ ಹಾಕ್ದಂಗೆ. ಸುಂಯ್ ಅಂತ. ಮಾತು ಶುರುವಾದ್ರೆ ಅದ್ರ ಹಿಂದೇನೇ."

"ಈಗ್ಲೂ?"

"ಈಗ್ಲೂ ಕಣಣ್ಣ." ಆಮೇಲೆ ಹತ್ತಿರ ಬಂದು ಕೇಳಿದಳು, "ನಿಂಗೆ ಕೇಳ್ಸಾಕಿಲ್ವಾ?"

ಒಲೆ ಹಚ್ಚು ಅಂದೆ.

ಕರೆಂಟು ಇರಲಿಲ್ಲ. ಒಲೆಯಲ್ಲಿ ಕಾಯಿಸುವ ಹಳೆಯ ಬೆಸುಗೆ ಕಡ್ಡಿ ತಂದಿದ್ದೆ. ಅಭ್ಯಾಸ ಬಿಡುವುದಿಲ್ಲ, ಸ್ಪೀಕರಿನಿಂದಲೇ ಶುರು ಮಾಡಿದೆ. ಟಕ್. ಔಟ್‌ಪುಟ್. ಡ್ರೈವರ್. ಎಲ್ಲಾ ಸರಿ. ಸರಿಯಿರಲೇಬೇಕು. ಕೆಟ್ಟದ್ದು ಅಲ್ಲೆಲ್ಲ ಅಲ್ಲ. ನಾನು ಬಲ ಸಾಲದು ಸಾಲದು ಅಂತ ಐ.ಎಫ್. ಸ್ಟೇಜನ್ನು ಎಳೆದು ಎಳೆದು ಎಲ್ಲಿಗೆ ತಂದಿದ್ದೆ ಅಂದರೆ, ಅದು ಬಂದದ್ದನ್ನು ಬಲಪಡಿಸುವುದು ಬಿಟ್ಟು ತಾನೇ ಹಾಡಲು ಶುರು ಮಾಡಿತ್ತು. ಹೊಸ ಹುಡುಗರು ಮಾಡುವ ತಪ್ಪು. ಸಿಳ್ಳೆ ಕೇಳಿಸಿದ್ದರೆ ಅರ್ಧ ನಿಮಿಷದಲ್ಲಿ ಹಿಡಿಯುತ್ತಿದ್ದೆ.

ಸಣ್ಣಬಸಪ್ಪ ಸ್ಪೀಕರಿನಿಂದ ಶುರು ಮಾಡು ಅಂದ. ಸ್ಪೀಕರಿಗಿಂತ ಈಚೆಗೆ ಇನ್ನೊಂದು ಸ್ಟೇಜು ಇತ್ತು, ಕೇಳುವವನ ಕಿವಿ. ಅದನ್ನು ಅವನು ಹೇಳಲಿಲ್ಲ. ಅವನಿಗೂ ಆಗ ವಯಸ್ಸಾಗಿರಲಿಲ್ಲ.

ಪೆಟ್ಟಿಗೆಯೊಳಗೆ ಕಟ್ಟಿದ್ದ ಕಾಗದ ಬಿಚ್ಚಿದೆ. ಹಳೆಯ ಟ್ರಾನ್ಸಿಸ್ಟರ್ ಎರಡೂ ಇದ್ದವು. ಒಂದು ಕೂರಿಸಿ ಹಚ್ಚಿದೆ. ಭಾವನ ಮುಖ ನೋಡಿದೆ. ಕೈ ಎದ್ದಿತು, ಆದರೆ ಕಿವಿಯವರೆಗೆ ಹೋಗಲಿಲ್ಲ. ಎರಡನೆಯದನ್ನು ಕೂರಿಸಿದೆ. ಕೈ ಎದೆಯ ಮೇಲೆ ನಿಂತಿತು. ಹಳದಿ ತಿರುಪು ಕಾಲು ಸುತ್ತು ಬಿಟ್ಟೆ. ಎದ್ದಿತು. ಈ ಕಡೆ ತಿರುಗಿಸಿದೆ. ಇಳಿಯಿತು. ಬಿಳಿಯದನ್ನು ಇಷ್ಟೇ ಇಷ್ಟು. ಕೈ ಕಂಬಳಿಗೆ ಹೋಗಿ ಅಲ್ಲೇ ಉಳಿಯಿತು. ಮೂವತ್ತೊಂದು ವರ್ಷದ ಹಿಂದೆ ಒಬ್ಬನೇ ಕಟ್ಟಿದ ಸೆಟ್ಟು. ಈ ಸಲ ಇಬ್ಬರು ಬೇಕಾಯಿತು.

ನನಗೆ ಬೆಂಗಳೂರು ಬಾವಿಯೊಳಗಿಂದ ಬಂದಂತೆ ಸಣ್ಣಗೆ. ಮುಟ್ಟಲಿಲ್ಲ. ಅವರಿಗೆ ಸಾಕು.

ಓಬಳಮ್ಮ ಗೋಡೆಗೆ ಒರಗಿ ಕೂತಳು. ಭಾವ ಎಡಗೈ ಎತ್ತಿದರು. ಮತ್ತೆ ಸಿಳ್ಳೆಯೇನೋ ಅಂತ ತಿರುಪಿಗೆ ಕೈ ಹಾಕಿದೆ. ಕೈ ಕಿವಿಗೆ ಹೋಗಲಿಲ್ಲ. ರೇಡಿಯೋ ಕಡೆ ತೋರಿಸಿ, ಬಾಯಿಗೆ ತುತ್ತು ಹಾಕುವಂತೆ ಮಾಡಿದರು. ಮತ್ತೆ ರೇಡಿಯೋ. ಮತ್ತೆ ಬಾಯಿ.

"ಹಸಿವಾಯ್ತೇನೋ," ಅಂತ ಓಬಳಮ್ಮ ಎದ್ದಳು.

ನನಗೆ ತಿಳಿಯಿತು.

"ನಾನೇ ಹಾಕ್ತೀನಿ ಭಾವ," ಅಂದೆ. "ಇಷ್ಟು ಜನಕ್ಕೂ ನಾನೇ ಹಿಟ್ಟು ಹಾಕ್ತೀನಿ."

ಅರ್ಧ ಬಾಯಿಯಲ್ಲಿ ನಕ್ಕರು. ಓಬಳಮ್ಮ ಮುದ್ದೆ ತಂದಳು. ತಿಂದರು. ನಾನೂ ತಿಂದೆ.

6 ಅಕ್ಟೋಬರ್, ಬುಧವಾರ

ಹೊರಡುವಾಗ ಓಬಳಮ್ಮ ಆಟೋವರೆಗೆ ಬಂದಳು. ಫೋನಿನ ಮಾತು ತೆಗೆಯಬೇಕು ಅಂತ ನಾನು ಬಾಯಿ ತೆರೆದೆ. "ಅದನ್ನ ಅಲ್ಲೇ ಬುಟ್ಟು ಹೋಗು," ಅಂದಳು. ಆಮೇಲೆ, "ಅಣ್ಣ, ನೀನು ಫೋನಲ್ಲಿ ಮಾತಾಡಬ್ಯಾಡ. ಕಾಗದ ಬರಿ."

ಆಟೋ ತಿರುಗುವಾಗ ಕೈ ಬೀಸಿ ಇನ್ನೇನೋ ಹೇಳಿದಳು. ತಲೆ ಆಡಿಸಿದೆ. ಎಷ್ಟು ಜನಕ್ಕೆ ಹೀಗೆ ತಲೆ ಆಡಿಸಿದ್ದೇನೋ.

13 ಅಕ್ಟೋಬರ್, ಬುಧವಾರ. ರಾಯದುರ್ಗ

ಬೆಳಿಗ್ಗೆ ಎಂಟಕ್ಕೇ ಕರೆಂಟು ಹೋಯಿತು. ಬೀದಿ ಪೂರ್ತಿ ನಿಂತಿತು. ಇದೇ ಸಮಯ ಅಂತ ಬೊಮ್ಮಯ್ಯನ ಯೂನಿಟ್ಟಿಗೆ ಹೋದೆ.

"ಆ ಸೆಟ್ಟು ಕೊಡು ಬೊಮ್ಮಯ್ಯ."

"ಯಾಕಣ್ಣ, ನನ್ನ ಕಿವ್ಯಾಗಿನ ಮೋಟರ್ ನಿಂತಾವೇನು?"

"ನಿನ್ನವಲ್ಲ. ನನ್ನವು."

ನಗಲು ಶುರು ಮಾಡಿದವನು ಅರ್ಧಕ್ಕೆ ನಿಲ್ಲಿಸಿದ. ಸೆಟ್ಟು ತಾನೇ ಹೊತ್ತು ತಂದುಕೊಟ್ಟ.

ಗಿರಾಕಿ ಕೂರುವ ಸ್ಟೂಲನ್ನು ಬೆಂಚಿನ ಈಚೆಗೆ ಹಾಕಿದೆ. ತಿಪ್ಪಕ್ಕನಿಗೆ ಬಾ ಅಂದೆ. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅವಳನ್ನು ಈಚೆ ಬಿಟ್ಟಿಲ್ಲ, ಸ್ಕ್ರೂ ಚೆಲ್ಲುತ್ತಾಳೆ ಅಂತ. ಒಂದು ಜೀನ್ಸ್ ಪ್ಯಾಂಟು, ಕತ್ತರಿ ಸಮೇತ ಬಂದು ಕೂತಳು.

"ಸಿಳ್ಳಿ ಬಂದ್ರ ಕೈ ಎತ್ತು. ಹೋದ್ರ ಇಳಿಸು. ಮಾತಾಡಬ್ಯಾಡ."

"ಮಾತಾಡಿದ್ರ ನಿಮಗ ಎಲ್ಲಿ ಕೇಳ್ತದ."

ಹಚ್ಚಿದೆ. ಕೈ ಎದ್ದಿತು, ಕತ್ತರಿ ಸಮೇತ. ಹಳದಿ ತಿರುಗಿಸಿದೆ. ಇಳಿಯಿತು. ಸರಿ ಅಂತ ಮುಚ್ಚಿ ನಾಲ್ಕೂ ಸ್ಕ್ರೂ ಬಿಗಿದ ಮೇಲೆ ನೋಡಿದರೆ, ಕೈ ಇಳಿದದ್ದು ಸಿಳ್ಳೆ ಹೋಗಿ ಅಲ್ಲ, ದಾರ ಕತ್ತರಿಸಲು. ಮತ್ತೆ ಬಿಚ್ಚಿದೆ. ಪ್ಯಾಂಟು ಕಿತ್ತುಕೊಂಡು ದೂರ ಎಸೆದೆ. ಎರಡನೆಯ ಸಲ ಸರಿಹೋಯಿತು. ಹದಿನೈದು ನಿಮಿಷದ ಕೆಲಸ. ಇವಳು ಆಗಸ್ಟಿನಲ್ಲೇ ಹೇಳಿದ್ದಳು.

ಸೆಟ್ಟು ಆರಿಸಿದೆ. ಬೀದಿ ಇನ್ನೂ ನಿಂತೇ ಇತ್ತು. ಕೇಳಬೇಕು ಅನ್ನಿಸಿತು, ಕೇಳಿದೆ.

"ನೀನು ಹೇಳಿದ್ದು, ನನಗ ಕೇಳದ್ದು — ಇನ್ನೂ ಏನೇನು ಅದಾವ?"

"ಭಾಳ ಅದಾವ್ರಿ."

"ಒಂದೊಂದು ಹೇಳು."

ಯೋಚನೆ ಮಾಡಿದಳು. "ಒಂದು. ನೀವು ಸಣ್ಣಗ ಮಾತಾಡೋದು ಬಿಟ್ಟು ಆರೇಳು ವರ್ಷ ಆತು. ಎಲ್ಲಾದಕ್ಕೂ ಒದರ್ತೀರಿ. ಕಾಟಪ್ಪಗ ಸಿಟ್ಟು ಜಾಸ್ತಿ ಅಂತಾರ ಮಂದಿ. ಸಿಟ್ಟಲ್ಲ, ಅವರಿಗೆ ತಮ್ಮ ದನಿ ತಮಗ ಕೇಳಂಗಿಲ್ಲ ಅಂತ ನಾನು ಎಷ್ಟು ಮಂದಿಗೆ ಹೇಳ್ಲಿ?"

ಬೊಮ್ಮಯ್ಯನಿಗೂ ಹೊಸ್ತಿಲಲ್ಲಿ ಅದನ್ನೇ ಹೇಳಿದ್ದಳಂತೆ.

"ಸಿಟ್ಟೂ ಅದ," ಅಂದೆ.

"ಅದ. ಆದ್ರ ಮಂದಿ ಅನ್ನೋವಷ್ಟಿಲ್ಲ." ಆಮೇಲೆ, "ಎರಡು," ಅಂದಳು.

ಕರೆಂಟು ಬಂತು. ಎಡಕ್ಕೂ ಬಲಕ್ಕೂ ಮಷೀನುಗಳೆಲ್ಲ ಒಮ್ಮೆಗೇ. ಅವಳು ನಿಲ್ಲಿಸಲಿಲ್ಲ. ಬಾಯಿ ಆಡುತ್ತಿತ್ತು, ಕಣ್ಣು ನನ್ನ ಮೇಲೆ. ಎರಡನೆಯದು ದೊಡ್ಡದಿತ್ತು ಅಂತ ಮುಖದಲ್ಲೇ ಗೊತ್ತಾಯಿತು. ಎಂದಿನಂತೆ ತಲೆ ಆಡಿಸಲು ಹೊರಟವನು ನಿಲ್ಲಿಸಿದೆ. ಕೇಳಿಸಲಿಲ್ಲ ಅಂತ ಕೈ ಎತ್ತಿದೆ.

ಅವಳು ಸ್ಟೂಲು ಎಳೆದುಕೊಂಡು ನನ್ನ ಕಿವಿಯ ಹತ್ತಿರ ಬಂದು, ಮೊದಲಿನಿಂದ ಹೇಳಲು ಶುರು ಮಾಡಿದಳು.